ಊರು ಹೋಯ್ತು, ಧಣಿಯ ಹೆಸರು ಉಳೀತು

ನಮ್ಮ ಕಂದಾಯ ದಫ್ತರಗಳಲ್ಲಿ ಒಂದು ಮಾತುಂಟು: ಬೇಚರಾಕ್ ಗ್ರಾಮ. ನಕ್ಷೆಯಲ್ಲಿ ಊರು ಇರುತ್ತೆ, ಸರ್ವೆ ನಂಬರು ಇರುತ್ತೆ, ಎಲ್ಲೆಕಲ್ಲು ಇರುತ್ತೆ. ಜನ ಮಾತ್ರ ಇರೋದಿಲ್ಲ. ಪಾರ್ಸಿಯಿಂದ ಬಂದ ಈ ಮಾತಿಗೆ ದೀಪವಿಲ್ಲದ್ದು ಅಂತ ಅರ್ಥ. ಸಂಜೆ ಹೊತ್ತು ದೀಪ ಹಚ್ಚೋಕೆ ಒಬ್ಬರೂ ಉಳಿಯದ ಊರು. ಮಧ್ಯಯುಗದಲ್ಲಿ ಇದ್ದು ಆಮೇಲೆ ಹೀಗೆ ಬೇಚರಾಕ್ ಆದ ಊರುಗಳು ಇಂಗ್ಲೆಂಡಿನಲ್ಲಿ ಮೂರು ಸಾವಿರದಷ್ಟಿವೆ ಅಂತ ಅಲ್ಲಿನ ಚರಿತ್ರೆಕಾರರ ಲೆಕ್ಕ. ಅವುಗಳಲ್ಲಿ ಹೆಚ್ಚು ಅಗೆದು ನೋಡಿದ್ದು, ಹೆಚ್ಚು ಹೆಸರಾದದ್ದು ಉತ್ತರದ ಯಾರ್ಕ್‌ಶೈರಿನ ವ್ಹಾರಂ ಪರ್ಸಿ.

ಆ ಹೆಸರನ್ನೇ ಮೊದಲು ಬಿಡಿಸಿ ನೋಡೋಣ. ವ್ಹಾರಂ ಅನ್ನೋದು ಊರಿನ ಹೆಸರು. ಪರ್ಸಿ ಅನ್ನೋದು ಧಣಿಗಳ ಮನೆತನದ ಹೆಸರು. ಪಕ್ಕದಲ್ಲೇ ಇನ್ನೊಂದು ವ್ಹಾರಂ ಇದೆ. ಅದು ಹಳೇ ರಸ್ತೆ ಬದಿಯದು, ಆದ್ದರಿಂದ ವ್ಹಾರಂ ಲೆ ಸ್ಟ್ರೀಟ್. ಇದು ಪರ್ಸಿಗಳ ಕೈಕೆಳಗಿನದು, ಆದ್ದರಿಂದ ವ್ಹಾರಂ ಪರ್ಸಿ. ಒಂದು ಊರಿಗೆ ರಸ್ತೆ ಗುರುತಾಯ್ತು, ಇನ್ನೊಂದಕ್ಕೆ ಒಡೆಯ ಗುರುತಾದ. ಆ ಒಡೆಯರು ಈ ಊರನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಆರುನೂರು ವರ್ಷ ದಾಟಿದೆ. ಊರಿನ ಜನ ಚೆದುರಿಹೋಗಿ ಐನೂರು ವರ್ಷ ಆಯ್ತು. ಇವತ್ತಿಗೂ ಅಲ್ಲಿನ ಕೈಮರದ ಮೇಲೆ ಧಣಿಯ ಹೆಸರು ನಿಂತಿದೆ. ಉತ್ತವರ ಹೆಸರಿಲ್ಲ, ಬಿತ್ತಿದವರ ಹೆಸರಿಲ್ಲ, ಅದೇ ಮಣ್ಣಲ್ಲಿ ಹೂತುಹೋದವರ ಹೆಸರೂ ಇಲ್ಲ.

ಹಾಗಾದರೆ ಒಂದು ಊರಿನ ಚರಿತ್ರೆ ಅಂದರೆ ಯಾರ ಚರಿತ್ರೆ? ಧಣಿಗಳದ್ದು ಬರೆಯೋದು ಸುಲಭ. ಅವರಿಗೆ ದಸ್ತಾವೇಜುಗಳಿವೆ, ವಂಶವೃಕ್ಷಗಳಿವೆ, ಮೊಹರುಗಳಿವೆ. ದುಡಿದವರದ್ದು ಬರೆಯಬೇಕಾದರೆ ನೆಲ ಅಗೆಯಬೇಕು. ವ್ಹಾರಂ ಪರ್ಸಿಯಲ್ಲಿ ಈ ಎರಡೂ ಆಗಿದೆ. ಧಣಿಗಳ ಕಾಗದವನ್ನೂ ದುಡಿದವರ ಮೂಳೆಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಬಹುದಾದ ಊರುಗಳು ಲೋಕದಲ್ಲಿ ಬಹಳ ಇಲ್ಲ. ಅದಕ್ಕೇ ಈ ಊರಿನ ಕತೆ ನಮಗೆ ಬೇಕು.

ಪರ್ಸಿಗಳು ಯಾರು? 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಹಿಂದೆ ಬಂದು ಭೂಮಿ ಹಂಚಿಸಿಕೊಂಡವರಲ್ಲಿ ವಿಲಿಯಂ ದ ಪರ್ಸಿ ಒಬ್ಬ. ಯಾರ್ಕ್‌ಶೈರಿನಲ್ಲಿ ಅವನಿಗೆ ದೊಡ್ಡ ಪಾಲು ಸಿಕ್ಕಿತು. ಈ ಮನೆತನದ ಹಿರಿಯ ಕವಲು 1309ರಲ್ಲಿ ಆನಿಕ್ ಕೋಟೆಯನ್ನು ಕೊಂಡಿತು, 1377ರಲ್ಲಿ ನಾರ್ತಂಬರ್‌ಲೆಂಡಿನ ಅರ್ಲ್ ಪದವಿ ಪಡೆಯಿತು. ಕಾಲೇಜಿನಲ್ಲಿ ಶೇಕ್ಸ್‌ಪಿಯರನ ನಾಲ್ಕನೇ ಹೆನ್ರಿ ನಾಟಕ ಓದಿದವರಿಗೆ ಹಾಟ್‌ಸ್ಪರ್ ಗೊತ್ತು. 1403ರಲ್ಲಿ ರಾಜನ ಮೇಲೆ ದಂಡೆತ್ತಿ ಹೋಗಿ ಶ್ರೂಸ್‌ಬರಿ ಕಾಳಗದಲ್ಲಿ ಸತ್ತ ಆ ವೀರ ಇದೇ ಪರ್ಸಿ ಕುಲದವನು. ವ್ಹಾರಮ್ಮಿನ ಪರ್ಸಿಗಳು ಈ ಕುಲದ ಕಿರಿಯ ಕವಲು. ಹಿರಿಯರ ಆನಿಕ್ ಕೋಟೆ ಇವತ್ತಿಗೂ ಅದೇ ಹೆಸರಿನವರ ಕೈಲಿದೆ. ಜನ ಟಿಕೆಟ್ ಕೊಂಡು ಹೋಗಿ ನೋಡಿ ಬರುತ್ತಾರೆ. ಧಣಿಯ ಮಗ ಸತ್ತರೆ ನಾಟಕವಾಗುತ್ತದೆ. ಅವನ ಕೈಕೆಳಗಿನ ಊರು ಸತ್ತರೆ ಹುಲ್ಲು ಬೆಳೆಯುತ್ತದೆ.

ಗೆದ್ದವನು ಉತ್ತರ ಸೀಮೆಯನ್ನು ಹೇಗೆ ಗೆದ್ದ ಅನ್ನೋದನ್ನೂ ಹೇಳಬೇಕು. 1069ರ ಚಳಿಗಾಲದಲ್ಲಿ ಯಾರ್ಕ್‌ಶೈರ್ ದಂಗೆ ಎದ್ದಾಗ ವಿಲಿಯಂ ಊರೂರಿಗೆ ಬೆಂಕಿ ಇಡಿಸಿದ. ಕಣಜ ಸುಟ್ಟರು, ದನ ಕಡಿದರು, ನೇಗಿಲು ಮುರಿದರು. ಮುಂದಿನ ವರ್ಷ ಹಸಿವಿನಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಹದಿನಾರು ವರ್ಷದ ಮೇಲೆ, 1086ರಲ್ಲಿ, ಅದೇ ರಾಜ ದೇಶದ ಭೂಮಿಯನ್ನೆಲ್ಲ ಅಳೆಸಿ ಬರೆಸಿದ. ಜನ ಅದಕ್ಕೆ ಡೂಮ್ಸ್‌ಡೇ ಪುಸ್ತಕ ಅಂತ ಹೆಸರಿಟ್ಟರು. ಅಂದ್ರೆ ಪ್ರಳಯದ ದಿನದ ತೀರ್ಪು. ಅದರಲ್ಲಿ ಬರೆದದ್ದಕ್ಕೆ ಮೇಲ್ಮನವಿ ಇಲ್ಲ. ಯಾರ್ಕ್‌ಶೈರಿನ ಊರೂರಿನ ಮುಂದೆ ಆ ಪುಸ್ತಕದಲ್ಲಿ ಪಾಳು ಅನ್ನೋ ಮಾತು ಬಿದ್ದಿದೆ. ಪಾಳು ಮಾಡಿದ್ದು ಯಾರು ಅಂತ ಬರೆದಿಲ್ಲ. ವ್ಹಾರಂ ಹಿಂದೆ ಲಾಗ್ಮನ್, ಕಾರ್ಲಿ ಎಂಬಿಬ್ಬರ ಕೈಲಿತ್ತು, ಈಗ ರಾಜನದು ಅಂತ ಅದರಲ್ಲಿದೆ. ಇಡೀ ದೇಶದ ಲೆಕ್ಕದಲ್ಲಿ ತಲೆಗಳನ್ನು ಎಣಿಸಿದ್ದಾರೆ. ಎಣಿಸಿದ ಹತ್ತು ಜನಕ್ಕೆ ಒಬ್ಬನಂತೆ ಗುಲಾಮರು. ನೇಗಿಲು ಎಷ್ಟು, ಗಿರಣಿ ಎಷ್ಟು, ಉತ್ಪತ್ತಿ ಎಷ್ಟು ಎಲ್ಲಾ ಉಂಟು. ನೇಗಿಲು ಹಿಡಿದವನ ಹೆಸರು ಕೇಳೋ ಅಗತ್ಯ ಆ ಗುಮಾಸ್ತರಿಗೆ ಬೀಳಲಿಲ್ಲ.

ಆಮೇಲಿನ ಶತಮಾನದಲ್ಲಿ ವ್ಹಾರಮ್ಮಿಗೆ ಇಬ್ಬರು ಧಣಿಗಳು. ಪರ್ಸಿಗಳು ಒಬ್ಬರು, ಚೇಂಬರ್‌ಲೇನ್ ಮನೆತನದವರು ಇನ್ನೊಬ್ಬರು. ಅಗೆತದಲ್ಲಿ ಎರಡು ಬಂಗಲೆಗಳ ಗುರುತೂ ಸಿಕ್ಕಿದೆ, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ದಕ್ಷಿಣದ್ದಕ್ಕೆ ಕೆತ್ತಿದ ಸೀಮೆಸುಣ್ಣದ ಕಲ್ಲಿನಲ್ಲಿ ಕಟ್ಟಿದ ಒಳ್ಳೆಯ ನೆಲಮಾಳಿಗೆ. ನಡುವೆ ಸಾಲು ಹಿಡಿದು ರೈತರ ಮನೆಗಳು. ಹಗ್ಗ ಹಿಡಿದು ಅಳೆದ ಹಾಗೆ ಒಂದೇ ಅಳತೆಯ ಹಿತ್ತಲುಗಳು. 1254ರಲ್ಲಿ ಚೇಂಬರ್‌ಲೇನರ ಪಾಲೂ ಪರ್ಸಿಗಳಿಗೆ ಬಂತು. ದಕ್ಷಿಣದ ಬಂಗಲೆ ಬೇಡವಾಯ್ತು. ಅದರ ಜಾಗದಲ್ಲಿ ರೈತರ ಮನೆಗಳೆದ್ದವು. ಧಣಿಯ ಸಜ್ಜೆಯಿದ್ದ ಕಡೆ ಮುಂದೆ ದನದ ಕೊಟ್ಟಿಗೆ ನಿಂತಿತು. ಕಾಗದದಲ್ಲಿ ಇದು ಬರೀ ಆಸ್ತಿ ಪರಭಾರೆ. ನೆಲದಲ್ಲಿ ಅದು ಹೀಗೆ ಕಾಣುತ್ತೆ.

ಈಗ ದುಡಿಯುವವನ ವಿಚಾರ. ಧಣಿಯ ಭೂಮಿಗೆ ಕಟ್ಟುಬಿದ್ದ ರೈತನನ್ನು ಅಲ್ಲಿನ ಕಾನೂನು ವಿಲನ್ ಅಂತ ಕರೆಯಿತು. ಹಳ್ಳಿಯವನು, ಧಣಿಯ ಜಮೀನಿನವನು ಅಂತ ಮೂಲದ ಅರ್ಥ. ಇದೇ ಶಬ್ದ ಮುಂದೆ ಒರಟ, ಕೊಳಕ, ಕೇಡಿಗ ಅಂತಾಯ್ತು. ಕೊನೆಗೆ ನಾಟಕ ಸಿನಿಮಾದ ಖಳನಾಯಕನಾಯ್ತು. ನಮ್ಮ ಟೂರಿಂಗ್ ಟಾಕೀಸಿನ ಬೆಂಚಿನ ಮೇಲೆ ಕೂತು ನಾವು ಬೈದ ವಿಲನ್ ಮೂಲದಲ್ಲಿ ನೇಗಿಲು ಹಿಡಿದ ಜೀತಗಾರ! ಧಣಿಗಳು ಭೂಮಿಯ ದಾಖಲೆ ಬರೆದರು ಅನ್ನೋದು ಗೊತ್ತಿತ್ತು. ನಿಘಂಟನ್ನೂ ಅವರೇ ಬರೆದರು.

ವಿಲನ್‌ನ ಮೇಲೆ ಬಿದ್ದ ಹೊರೆಗಳ ಪಟ್ಟಿ ದೊಡ್ಡದು. ವಾರದಲ್ಲಿ ಇಷ್ಟು ದಿನ ಧಣಿಯ ಹೊಲದಲ್ಲಿ ಬಿಟ್ಟಿ ಗೇಯಬೇಕು. ಯಾರ್ಕ್‌ಶೈರಿನಲ್ಲಿ ಈ ಬಿಟ್ಟಿ ತೆಂಕಣ ಇಂಗ್ಲೆಂಡಿನಷ್ಟು ಬಿಗಿಯಾಗಿರಲಿಲ್ಲ ನಿಜ. ಆದರೆ ಉಳಿದ ಕಟ್ಟುಗಳು ಎಲ್ಲಾ ಕಡೆಯವೇ. ಮಗಳ ಮದುವೆ ಮಾಡಬೇಕಾದರೆ ಧಣಿಗೆ ದುಡ್ಡು ಕಟ್ಟಿ ಅಪ್ಪಣೆ ಪಡೀಬೇಕು. ವಿಜಯನಗರ ಕಾಲದ ಮದುವೆ ತೆರಿಗೆ ಬಲ್ಲವರಿಗೆ ಇದು ವಿಚಿತ್ರ ಅನ್ನಿಸೋದಿಲ್ಲ. ಮದುವೆಯಿಲ್ಲದೆ ಹೆಣ್ಣು ಬಸುರಾದರೆ ಅದಕ್ಕೂ ದಂಡ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಅತಿ ಒಳ್ಳೆಯ ದನ ಧಣಿಗೆ. ಅದರ ನಂತರದ ಒಳ್ಳೇದು ಪಾದ್ರಿಗೆ. ಗಂಡ ಸತ್ತ ಮನೆಯ ಬಾಗಿಲಿಗೆ ಮೊದಲು ಬರೋರು ಇವರಿಬ್ಬರು. ಬೆಳೆದದ್ದರಲ್ಲಿ ಹತ್ತಕ್ಕೊಂದು ಚರ್ಚಿಗೆ. ಧಣಿ ಜಮೀನು ಮಾರಿದರೆ ಜೊತೆಗೆ ವಿಲನ್ ಕುಟುಂಬವನ್ನೂ ಮಾರಬಹುದು. ಆ ಕ್ರಯಪತ್ರಗಳಲ್ಲಿ ಇವರ ಹೆಂಡತಿ ಮಕ್ಕಳಿಗೆ ಕುಟುಂಬ ಅನ್ನೋ ಮಾತಿಲ್ಲ. ಸೆಕ್ವೆಲಾ ಅಂತ ಲ್ಯಾಟಿನಿನಲ್ಲಿ ಬರೆಯೋರು. ಹಿಂದೆ ಬರುವ ಹಿಂಡು, ಮರಿಗಳು ಅಂತ ಅರ್ಥ.

ಅಕ್ಷರದ ಮಾತೂ ಇದೆ. ವಿಲನ್ ತನ್ನ ಮಗನನ್ನು ಶಾಲೆಗೆ ಕಳಿಸಬೇಕಾದರೆ ಧಣಿಯ ಪರವಾನಗಿ ಬೇಕು. ಓದಿದವನು ಪಾದ್ರಿಯಾದರೆ ಧಣಿಗೆ ಒಂದಾಳು ಕಮ್ಮಿಯಾಗುತ್ತೆ, ಅದಕ್ಕೆ. 1391ರಲ್ಲಿ ಪಾರ್ಲಿಮೆಂಟಿನ ಸದಸ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಿಲನ್‌ಗಳ ಮಕ್ಕಳು ಶಾಲೆಗೇ ಹೋಗಬಾರದು ಅಂತ ರಾಜನಿಗೆ ಅರ್ಜಿ ಕೊಟ್ಟರು. ರಾಜ ಒಪ್ಪಲಿಲ್ಲ. 1406ರ ಒಂದು ಕಾನೂನು ಯಾವ ಅಂತಸ್ತಿನ ಗಂಡಸಾಗಲಿ ಹೆಂಗಸಾಗಲಿ ತಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಓದಿಗೆ ಹಾಕಬಹುದು ಅಂತ ಹೇಳಿತು. ಅಕ್ಷರದ ಭಯ ಧಣಿಗಳಿಗೆ ಎಲ್ಲಾ ಕಡೆ ಒಂದೇ ಥರ.

ಗಿರಣಿಯ ಸಂಗತಿ ಕೇಳಿ. ಹೊಳೆಗೆ, ಹಳ್ಳಕ್ಕೆ ಕಟ್ಟೆ ಹಾಕಿ ಧಣಿ ನೀರಿನ ಗಿರಣಿ ಇಡುತ್ತಿದ್ದ. ವ್ಹಾರಮ್ಮಿನ ಕಣಿವೆಯಲ್ಲೂ ಗಿರಣಿಗಳಿದ್ದವು. ರೈತರೆಲ್ಲ ತಮ್ಮ ಕಾಳನ್ನು ಅಲ್ಲೇ ಬೀಸಿಸಬೇಕು, ಬೀಸಿದ್ದರಲ್ಲಿ ಪಾಲು ಕೊಡಬೇಕು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಳ್ಳೋದು ಧಣಿಗೆ ನಷ್ಟ, ಆದ್ದರಿಂದ ಅದು ತಪ್ಪು. ಆದರೂ ವ್ಹಾರಮ್ಮಿನಲ್ಲಿ ಅಗೆದಾಗ ಬೀಸುವ ಕಲ್ಲಿನ ತುಂಡುಗಳು ಸಿಕ್ಕಿವೆ. ಯಾವ ಹೆಂಗಸು ಯಾವ ರಾತ್ರಿ ಬಾಗಿಲು ಹಾಕಿಕೊಂಡು ಬೀಸಿದಳೋ, ಯಾವ ದಾಖಲೆಯೂ ಹೇಳೋದಿಲ್ಲ. ಕಲ್ಲು ಮಾತ್ರ ಇದೆ.

ಈ ಕಲ್ಲು ಎಷ್ಟು ದೊಡ್ಡ ವಿಚಾರ ಅನ್ನೋದು ತಿಳೀಬೇಕಾದರೆ ಲಂಡನ್ನಿಗೆ ಹತ್ತಿರದ ಸೇಂಟ್ ಆಲ್ಬನ್ಸ್ ಊರಿಗೆ ಹೋಗಬೇಕು. ಅಲ್ಲಿ ಧಣಿ ಅಂದ್ರೆ ಕ್ರೈಸ್ತ ಮಠ. 1330ರ ಆಜುಬಾಜಿನಲ್ಲಿ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಊರಿನವರ ಮನೆಗಳಿಂದ ಬೀಸುವ ಕಲ್ಲುಗಳನ್ನೆಲ್ಲ ಕಸಿದು ತರಿಸಿದ. ತರಿಸಿ ಏನು ಮಾಡಿದ? ಮಠದ ಹಜಾರಕ್ಕೆ ಚಪ್ಪಡಿ ಹಾಕಿಸಿದ. ಆ ಕಲ್ಲುಗಳ ಮೇಲೇ ಸನ್ಯಾಸಿಗಳು ಐವತ್ತು ವರ್ಷ ಓಡಾಡಿದರು. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದರು. ವಿಲಿಯಂ ಗ್ರಿಂಡ್‌ಕಾಬ್ ಎಂಬವನನ್ನು ಮುಂದಿಟ್ಟುಕೊಂಡು ಊರಿನವರು ಮಠಕ್ಕೆ ನುಗ್ಗಿ ಆ ಹಜಾರದ ನೆಲ ಕಿತ್ತರು. ಕಲ್ಲು ಒಡೆದು ಚೂರು ಮಾಡಿ ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ ಮನೆಗೊಂದು ಚೂರು ಹಂಚಿಕೊಂಡರು. ಅಜ್ಜಿ ಬೀಸಿದ ಕಲ್ಲು ಮೊಮ್ಮಗನ ಕೈಗೆ ಬಂತು. ಗ್ರಿಂಡ್‌ಕಾಬನನ್ನು ಆಮೇಲೆ ನೇಣು ಹಾಕಿದರು.

ಆ ವರ್ಷದ ದಂಗೆಗೆ ನಾಲ್ಕು ವರ್ಷ ಮುಂಚೆ, 1377ರಲ್ಲಿ, ತೆಂಕಣ ಇಂಗ್ಲೆಂಡಿನ ಎಷ್ಟೋ ಹಳ್ಳಿಗಳ ವಿಲನ್‌ಗಳು ಒಂದು ವಿಚಿತ್ರ ಕೆಲಸ ಮಾಡಿದ್ದರು. ಹಣ ಕೂಡಿಸಿ, ವಕೀಲರನ್ನು ಹಿಡಿದು, ಡೂಮ್ಸ್‌ಡೇ ಪುಸ್ತಕದಿಂದ ತಮ್ಮ ಊರಿನ ದಾಖಲೆಯ ನಕಲು ತೆಗೆಸಿದರು. ನಮ್ಮ ಊರು ಹಿಂದೆ ರಾಜನ ಊರು, ಈ ಧಣಿಗೆ ಬಿಟ್ಟಿ ಮಾಡೋ ಕಟ್ಟು ನಮಗಿಲ್ಲ ಅಂತ ವಾದ ಹೂಡಿ ಕೆಲಸ ನಿಲ್ಲಿಸಿದರು. ಪಾರ್ಲಿಮೆಂಟು ಗಾಬರಿಬಿತ್ತು. ಅವರ ವಾದ ಗೆಲ್ಲಲಿಲ್ಲ. ಆದರೆ ತಮ್ಮನ್ನು ಕಟ್ಟಿಹಾಕಿದ ಪುಸ್ತಕವನ್ನೇ ತೆರೆಸಿ ಓದಿಸಿ ಕೇಳಿದರಲ್ಲ, ಆ ಬುದ್ಧಿ ದೊಡ್ಡದು. 1381ರಲ್ಲಿ ಊರೂರಲ್ಲಿ ಧಣಿಗಳ ಕಡತಗಳಿಗೆ ಬೆಂಕಿ ಬಿದ್ದದ್ದು ಕುರುಡು ಸಿಟ್ಟಿನಿಂದಲ್ಲ. ತಮ್ಮ ಜೀತ ಎಲ್ಲಿ ಬರೆದಿದೆ ಅಂತ ಅವರಿಗೆ ಗೊತ್ತಿತ್ತು. ಆದಿಯಲ್ಲಿ ಧಣಿಗಳೇ ಇರಲಿಲ್ಲ ಅಂತ ಬೋಧಿಸಿದ ಬಡ ಪಾದ್ರಿ ಜಾನ್ ಬಾಲ್‌ನನ್ನು 1381ರ ಜುಲೈನಲ್ಲಿ ಅದೇ ಸೇಂಟ್ ಆಲ್ಬನ್ಸಿನಲ್ಲಿ ರಾಜನ ಕಣ್ಣೆದುರೇ ಕೊಂದರು.

ಮತ್ತೆ ವ್ಹಾರಮ್ಮಿಗೆ ಬರೋಣ. 1948ರಲ್ಲಿ ಮಾರಿಸ್ ಬೆರೆಸ್‌ಫರ್ಡ್ ಎಂಬ ಆರ್ಥಿಕ ಚರಿತ್ರೆಕಾರರು ಈ ಹುಲ್ಲುಗಾವಲಿಗೆ ಬಂದರು. ಇಂಗ್ಲೆಂಡಿನಲ್ಲಿ ಹಾಳೂರುಗಳು ಬಹಳ ಅಪರೂಪ ಅಂತ ಕೇಂಬ್ರಿಜ್ಜಿನ ದೊಡ್ಡ ಪ್ರೊಫೆಸರರೇ ಬರೆದಿದ್ದ ಕಾಲ. ಹುಲ್ಲಿನ ಕೆಳಗೆ ಮನೆಗಳ ಪಾಯದ ಉಬ್ಬು, ಬೀದಿಯ ತಗ್ಗು ಕುರುಬನಿಗೆ ದಿನಾ ಕಾಣುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಕಾಣಲಿಲ್ಲ. 1950ರಲ್ಲಿ ಅಗೆತ ಶುರುವಾಯ್ತು. ಮುಂದೆ ಜಾನ್ ಹರ್ಸ್ಟ್ ಜೊತೆಯಾದರು. ನಲವತ್ತು ಬೇಸಗೆ, 1990ರ ತನಕ, ವಿದ್ಯಾರ್ಥಿಗಳನ್ನೂ ಸ್ವಯಂಸೇವಕರನ್ನೂ ಕಟ್ಟಿಕೊಂಡು ಅವರು ಅಲ್ಲಿ ಅಗೆದರು. ಕೋಟೆ, ಅರಮನೆ ಹುಡುಕುವವರು ಗೋಡೆ ಹಿಡಿದು ಅಗೆಯುತ್ತಾ ಹೋಗುತ್ತಾರೆ. ಬಡವರ ಮನೆಗೆ ಅಂಥ ಗೋಡೆ ಎಲ್ಲಿ? ಆದ್ದರಿಂದ ಇವರು ಇಡೀ ಹಿತ್ತಲನ್ನೇ ಅಗಲಕ್ಕೆ ಬಿಚ್ಚಿ, ಪದರ ಪದರವಾಗಿ ಮಣ್ಣು ಕೆರೆದು ನೋಡಿದರು. ಬೆರೆಸ್‌ಫರ್ಡರ ಹಾಳೂರುಗಳ ಪುಸ್ತಕ 1954ರಲ್ಲಿ ಬಂದ ಮೇಲೆ ಚರಿತ್ರೆಕಾರರು ಮಾತು ಬದಲಿಸಬೇಕಾಯ್ತು.

ಸಿಕ್ಕಿದ್ದೇನು? ಉದ್ದುದ್ದ ಮನೆಗಳು. ಒಂದು ತುದಿಗೆ ಜನ, ಒಂದು ತುದಿಗೆ ದನ, ಒಂದೇ ಸೂರು. ನಡುವೆ ಒಲೆ. ನೂಲುವ ತಕಲಿಯ ಬಿಲ್ಲೆ. ಸಮುದ್ರದ ಮೀನಿನ ಮೂಳೆ, ಅಂದ್ರೆ ಸಂತೆಯ ಓಡಾಟ ಇತ್ತು. ಬೀಗ, ಬೀಗದ ಕೈ, ಅಂದ್ರೆ ಕಾಪಾಡಿಕೊಳ್ಳಬೇಕಾದ್ದು ಏನೋ ಇತ್ತು. ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗೋದೇ ಇಲ್ಲ. ಮನೆಗಳ ನೆಲ ನಡುವೆ ದೋಣಿಯ ಹಾಗೆ ತಗ್ಗಾಗಿತ್ತು. ಯಾಕೆ ಅಂತ ನೋಡಿದರೆ ದಿನಾ ಗುಡಿಸಿ ಗುಡಿಸಿ ಮಣ್ಣು ಸವೆದದ್ದು. ಬಡವರು ಕೊಳಕರು ಅಂತ ಬರೆದ ಧಣಿಗಳ ಕವಿಗಳಿಗೆ ಈ ನೆಲ ಉತ್ತರ ಕೊಟ್ಟಿದೆ. ತಲೆಮಾರುಗಟ್ಟಲೆ ಹೆಣ್ಣುಮಕ್ಕಳ ಪೊರಕೆಯ ಕೆಲಸ ನೆಲದಲ್ಲಿ ಗುಳಿಯಾಗಿ ನಿಂತಿದೆ. ಆ ಊರಿನ ಹೆಣ್ಣುಮಕ್ಕಳು ಬರೆದಿಟ್ಟ ದಸ್ತಾವೇಜು ಇದೊಂದೇ.

ಓದಿದವರೂ ಮೊದಲು ಇವರನ್ನು ಕೀಳಾಗೇ ಅಂದಾಜು ಮಾಡಿದ್ದರು ಅನ್ನೋದನ್ನು ಮರೆಯಬಾರದು. ಗೋಡೆಗಳ ಪಾಯ ಮತ್ತೆ ಮತ್ತೆ ಬದಲಾದದ್ದು ಕಂಡು, ಇವು ಜೋಪಡಿಗಳು, ತಲೆಮಾರಿಗೊಮ್ಮೆ ಬಿದ್ದು ಹೋಗಿ ಹೊಸದಾಗಿ ಕಟ್ಟಿಕೊಳ್ಳುತ್ತಿದ್ದರು ಅಂತ ಬಹಳ ವರ್ಷ ಬರೆದರು. 1989ರಲ್ಲಿ ಸ್ಟುವರ್ಟ್ ರಾತ್‌ಮೆಲ್ ಅದೇ ಗುರುತುಗಳನ್ನು ಮತ್ತೆ ಕೂತು ನೋಡಿದರು. ಬಾಗಿದ ಮರದ ಜೋಡಿ ಕಂಬಗಳು ನೆಲದಿಂದಲೇ ಎದ್ದು ಮೇಲೆ ಕೂಡಿಕೊಂಡು ಸೂರಿನ ಭಾರವನ್ನೆಲ್ಲ ಹೊರುತ್ತಿದ್ದವು. ಗೋಡೆ ಬರೀ ಮರೆ. ಗೋಡೆ ಹೋದರೆ ಗೋಡೆ ರಿಪೇರಿ, ಮನೆ ತಲೆಮಾರುಗಳ ಕಾಲ ಗಟ್ಟಿ. ಇವು ಕಸುಬು ಬಲ್ಲ ಬಡಗಿಗಳು ಕಟ್ಟಿದ ಮನೆಗಳು ಅಂತ ಅವರು ತೋರಿಸಿದರು. ಬಡವನ ಮನೆ ಅಂದಕೂಡಲೇ ಜೋಪಡಿ ಅನ್ನೋ ಚಿತ್ರ ಎಲ್ಲಿಂದ ಬರುತ್ತೆ ಅಂತ ನಾವೂ ಕೇಳಿಕೊಳ್ಳಬೇಕು.

ಆಮೇಲೆ ಮೂಳೆಗಳು. ಸೇಂಟ್ ಮಾರ್ಟಿನ್ ಚರ್ಚಿನ ಅಂಗಳದಿಂದ 687 ಜನರ ಅಸ್ಥಿಪಂಜರಗಳು ಹೊರಬಂದವು. ಹಳ್ಳಿಯ ಸಾಮಾನ್ಯ ಜನರ ಇಷ್ಟೊಂದು ಮೂಳೆ ಒಂದೇ ಕಡೆ ಸಿಕ್ಕಿದ್ದು ಅಪರೂಪ. ಅವನ್ನು ಪರೀಕ್ಷೆ ಮಾಡಿದ ಸೈಮನ್ ಮೇಸ್ ಅವರ ಲೆಕ್ಕದಲ್ಲಿ ಹದಿನಾಲ್ಕು ವರ್ಷದ ವ್ಹಾರಂ ಮಗುವಿನ ಎತ್ತರ ಈಗಿನ ಇಂಗ್ಲೆಂಡಿನ ಹತ್ತು ವರ್ಷದ ಮಗುವಿನ ಎತ್ತರದಷ್ಟೇ. ನಾಲ್ಕು ವರ್ಷದ ಬೆಳವಣಿಗೆಯನ್ನು ಹಸಿವು ಮತ್ತು ಕಾಯಿಲೆ ತಿಂದಿವೆ. ತಾಯಂದಿರು ಸುಮಾರು ಒಂದೂವರೆ ವರ್ಷದ ತನಕ ಮೊಲೆಹಾಲು ಕೊಡುತ್ತಿದ್ದರು ಅನ್ನೋದೂ ಮಕ್ಕಳ ಮೂಳೆಯಲ್ಲಿ ಬರೆದಿದೆ. ತಾಯಿ ಕೊಡುವಷ್ಟು ದಿನ ಕೊಟ್ಟಳು. ಆಮೇಲಿನದು ಧಣಿ, ಚರ್ಚು, ಗಿರಣಿ ಎಲ್ಲರ ಪಾಲು ಹೋಗಿ ಮಿಕ್ಕಿದ ಕಾಳು. ಡೂಮ್ಸ್‌ಡೇ ಪುಸ್ತಕದಲ್ಲಿ ಉತ್ಪತ್ತಿ ಅಂತ ಒಂದು ಅಂಕಿ ಇರುತ್ತಲ್ಲ, ಅದರ ಇನ್ನೊಂದು ಮಗ್ಗುಲು ಈ ಗಿಡ್ಡ ಮೂಳೆಗಳು.

ದುಡಿಯುವ ಜನರ ಚರಿತ್ರೆ ಬರೀತೀವಿ ಅಂತ ಅವರನ್ನು ದೇವರು ಮಾಡೋದೂ ಬೇಡ. 2017ರಲ್ಲಿ ಇದೇ ಊರಿನ ಇನ್ನೊಂದು ಸಂಗತಿ ಹೊರಬಿತ್ತು. ಹನ್ನೊಂದರಿಂದ ಹದಿನಾಲ್ಕನೇ ಶತಮಾನದೊಳಗಿನ ಕನಿಷ್ಠ ಹತ್ತು ಜನರ 137 ಮೂಳೆಗಳ ಮೇಲೆ ಚೂರಿಯ ಗೀರು, ಮುರಿದ ಗುರುತು, ಬೆಂಕಿಯ ಸುಟ್ಟ ಗುರುತು. ಅವರು ಹೊರಗಿನವರಾ ಅಂತ ಹಲ್ಲಿನ ಪರೀಕ್ಷೆ ಮಾಡಿದರೆ ಅಲ್ಲ, ಆ ಸೀಮೆಯವರೇ. ಸತ್ತವರು ಎದ್ದು ಬಂದು ಕಾಡುತ್ತಾರೆ ಅನ್ನೋ ಭಯಕ್ಕೆ ಹೆಣಗಳನ್ನು ಕಡಿದು ಸುಟ್ಟಿರಬೇಕು ಅನ್ನೋದು ಪಂಡಿತರ ಹೆಚ್ಚು ಒಪ್ಪಿಗೆಯ ಅಂದಾಜು. ಬರಗಾಲದಲ್ಲಿ ಹೆಣ ತಿಂದರೇನೋ ಅನ್ನೋ ಸಂಶಯವನ್ನೂ ಅವರು ಎತ್ತಿದ್ದಾರೆ. ಭಯ, ಮೂಢನಂಬಿಕೆ, ತಮ್ಮವರ ಮೇಲೇ ಚೂರಿ ಇವೆಲ್ಲ ಆ ಗುಡಿಸಿದ ಮನೆಗಳಲ್ಲೇ ಇದ್ದವು. ಬಡತನ ಯಾರನ್ನೂ ಪವಿತ್ರ ಮಾಡೋದಿಲ್ಲ.

ಈಗ ಕೊನೆಯ ಪ್ರಶ್ನೆ: ಊರು ಹಾಳಾದದ್ದು ಹೇಗೆ? ಪ್ಲೇಗು ಬಂತು, ಜನ ಸತ್ತರು, ಊರು ಹಾಳಾಯ್ತು ಅಂತ ಬಹಳ ಜನ ನಂಬಿದ್ದರು. ದೈವದ ಮೇಲೆ ಹಾಕಿಬಿಟ್ಟರೆ ಯಾರ ಮೇಲೂ ತಪ್ಪಿಲ್ಲ. ನಿಜ ಸಂಗತಿ ಬೇರೆ. ಕಷ್ಟ ಪ್ಲೇಗಿಗೆ ಮುಂಚೆಯೇ ಶುರುವಾಗಿತ್ತು. 1315ರಿಂದ ಮೂರು ವರ್ಷ ಮಳೆ ಸುರಿದು ದೊಡ್ಡ ಬರ. 1322ರಲ್ಲಿ ಸ್ಕಾಟರ ದಾಳಿ. 1349ರಲ್ಲಿ ಪ್ಲೇಗು. ಇಷ್ಟೆಲ್ಲ ಬಿದ್ದ ಮೇಲೂ 1368ರಲ್ಲಿ ವ್ಹಾರಮ್ಮಿನಲ್ಲಿ ಮೂವತ್ತು ಮನೆಗಳ ಒಲೆ ಉರಿಯುತ್ತಿತ್ತು. ಅಂದ್ರೆ ಪ್ಲೇಗು ಊರನ್ನು ಕೊಲ್ಲಲಿಲ್ಲ. ಪ್ಲೇಗಿನ ಮೇಲೆ ದುಡಿಯುವ ಕೈಗಳು ಕಮ್ಮಿಯಾಗಿ ಕೂಲಿ ಏರಿತು. ಕೂಲಿ ಏರಬಾರದು ಅಂತ 1351ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಕಾನೂನಿಗೆ ಕೂಲಿ ಬಗ್ಗಲಿಲ್ಲ. ಒಳ್ಳೆ ಭೂಮಿ, ಒಳ್ಳೆ ಕೂಲಿ ಸಿಗುವ ಕಡೆಗೆ ಕೆಲವರು ಎದ್ದು ಹೋದರು. ಧಾನ್ಯದ ಬೆಲೆ ಇಳಿಯಿತು, ಉಣ್ಣೆಯ ಗಿರಾಕಿ ನಿಂತಿತು. ಧಣಿಗಳು ಲೆಕ್ಕ ಹಾಕಿದರು. ಉಳೋದಕ್ಕೆ ಊರು ತುಂಬ ಜನ ಬೇಕು. ಕುರಿಗೆ ಒಬ್ಬ ಕುರುಬ, ಒಂದು ನಾಯಿ ಸಾಕು.

ಪರ್ಸಿಗಳು ಅಷ್ಟರಲ್ಲಿ ಕೈತೊಳೆದುಕೊಂಡಿದ್ದರು. 1402-03ರ ಹೊತ್ತಿಗೆ ವ್ಹಾರಮ್ಮನ್ನು ಹಿಲ್ಟನ್ ಮನೆತನಕ್ಕೆ ಅದಲುಬದಲು ಕೊಟ್ಟರು. ಹಿಲ್ಟನ್ನರ ಕೋಟೆ ದೂರದ ಸಂಡರ್‌ಲೆಂಡ್ ಬಳಿ. ಭೂಸುಧಾರಣೆಯ ಕಾಲದಲ್ಲಿ ನಾವು ಗೈರುಹಾಜರಿ ಭೂಮಾಲೀಕ ಅಂತ ಒಂದು ಮಾತು ಕಲಿತೆವಲ್ಲ, ಇವರು ಅದೇ ಜಾತಿ. 1458ಕ್ಕೆ ಮನೆಗಳು ಹದಿನಾರಕ್ಕೆ ಇಳಿದವು. 1489ರಲ್ಲಿ ರೈತರ ಮನೆ ಕೆಡವಬಾರದು ಅಂತ ಕಾನೂನು ಬಂತು. 1517ರಲ್ಲಿ ಕಾರ್ಡಿನಲ್ ವೂಲ್ಸಿ ದೇಶದಲ್ಲೆಲ್ಲ ವಿಚಾರಣೆ ಮಾಡಿಸಿದ. ಆ ವಿಚಾರಣೆಯ ಕಡತದಲ್ಲಿ ವ್ಹಾರಂ ಪರ್ಸಿಗೆ ಒಂದು ನಮೂದು ಸಿಕ್ಕಿತು: ಬ್ಯಾರನ್ ಹಿಲ್ಟನ್ ನಾಲ್ಕು ನೇಗಿಲು ನಿಲ್ಲಿಸಿದ, ನಾಲ್ಕು ಮನೆ ಹಾಳುಬಿಟ್ಟ. ಅಷ್ಟೇ. ಆರೇಳು ನೂರು ವರ್ಷ ಬಾಳಿದ ಊರಿನ ಸಾವಿನ ದಾಖಲೆ ಅಷ್ಟು ಚಿಕ್ಕದು. ಅಲ್ಲೂ ಕೊನೆಗೆ ಬಾಗಿಲು ದಾಟಿ ಹೋದ ಆ ನಾಲ್ಕು ಕುಟುಂಬಗಳ ಹೆಸರು ಎತ್ತಿಲ್ಲ. ಧಣಿಯ ಹೆಸರು ಮಾತ್ರ ಸ್ಪಷ್ಟವಾಗಿದೆ. ಒಂದು ಸಲವಾದರೂ ಅವನ ಹೆಸರು ಅಪರಾಧದ ಮುಂದೆ ಬಂತು ಅನ್ನೋದೇ ಸಮಾಧಾನ.

ಅದೇ ಹೊತ್ತಿನಲ್ಲಿ, 1516ರಲ್ಲಿ, ತಾಮಸ್ ಮೋರ್ ತನ್ನ ಯುಟೋಪಿಯಾದಲ್ಲಿ ಇಂಗ್ಲೆಂಡಿನ ಕುರಿಗಳನ್ನು ನರಭಕ್ಷಕ ಪ್ರಾಣಿಗಳ ಹಾಗೆ ಚಿತ್ರಿಸಿದ. ಮುನ್ನೂರೈವತ್ತು ವರ್ಷದ ಮೇಲೆ ಮಾರ್ಕ್ಸ್ ತನ್ನ ಬಂಡವಾಳ ಗ್ರಂಥದಲ್ಲಿ ಆ ಮಾತನ್ನು ನೆನೆದು, ರೈತನನ್ನು ನೆಲದಿಂದ ಕಿತ್ತದ್ದೇ ಬಂಡವಾಳಶಾಹಿಯ ಮೊದಲ ಗಂಟು ಅಂತ ವಿವರಿಸಿದ. ಹೀಗೆ ಕಿತ್ತವರೇ ಮುಂದಿನ ತಲೆಮಾರಿನಲ್ಲಿ ಬೀದಿಗೆ ಬಿದ್ದರು. ಟ್ಯೂಡರ್ ದೊರೆಗಳ ಕಾನೂನು ಅವರನ್ನು ಅಲೆಮಾರಿಗಳು ಅಂತ ಹಿಡಿದು ಚಾವಟಿಯಲ್ಲಿ ಹೊಡೆಸಿತು. ಮನೆ ಕೆಡವಿದ ಧಣಿಗೆ ಬರೀ ವಿಚಾರಣೆ. ಮನೆ ಕಳಕೊಂಡವನಿಗೆ ಚಾವಟಿ. ಕುರಿಗಳ ಮೇಲೆ ಯಾಕೆ ತಪ್ಪು ಹೊರಿಸಬೇಕು? ಅವು ಹುಲ್ಲು ತಿಂದವು, ಅಷ್ಟೇ.

ಇಷ್ಟು ಓದಿದ ಮೇಲೆ ನಮ್ಮವರಿಗೆ ಒಂದು ಪ್ರಶ್ನೆ ಬರಲೇಬೇಕು. ಈ ವಿಲನ್ ನಮ್ಮ ಹೊಲೆಮಾದಿಗರ ಜೀತಗಾರನೇ ತಾನೆ? ಹೊರೆ ನೋಡಿದರೆ ಹೌದು. ಬಿಡುಗಡೆಯ ದಾರಿ ನೋಡಿದರೆ ಅಲ್ಲ. ವಿಲನ್ ಊರು ಬಿಟ್ಟು ಓಡಿ ಹಕ್ಕುಪತ್ರ ಪಡೆದ ಪಟ್ಟಣದಲ್ಲಿ ಒಂದು ವರ್ಷ ಒಂದು ದಿನ ಇದ್ದುಬಿಟ್ಟರೆ ಸ್ವತಂತ್ರ. ನಾರ್ಫಕ್‌ನ ಕ್ಲೆಮೆಂಟ್ ಪಾಸ್ಟನ್ ನೇಗಿಲು ಹಿಡಿದ ರೈತ, ಅವನ ಹೆಂಡತಿ ಜೀತದ ಕುಲದವಳು ಅಂತ ಆಗದವರು ಹೀಯಾಳಿಸಿದರು. ಅವರ ಮಗ ವಿಲಿಯಂ ಓದಿ 1429ರಲ್ಲಿ ರಾಜನ ನ್ಯಾಯಾಧೀಶನಾದ. ಅವನ ಸಂತಾನ ಧಣಿಗಳ ಸಾಲಿಗೆ ಸೇರಿತು, ಜನ ಮರೆತರು. ಯಾರೂ ಕಾನೂನು ಮಾಡಿ ರದ್ದು ಮಾಡದೆಯೂ ಅಲ್ಲಿ ಜೀತ ಹದಿನಾರನೇ ಶತಮಾನದಲ್ಲಿ ಒಣಗಿಹೋಯಿತು. ವಿಲನ್ ಮುಟ್ಟಿದ ನೀರು ಅಲ್ಲಿ ಮೈಲಿಗೆಯಾಗಲಿಲ್ಲ. ಧಣಿಯೂ ಅವನೂ ಒಂದೇ ಚರ್ಚಿನೊಳಗೆ ನಿಂತರು. ಒಂದು ವರ್ಷ ಒಂದು ದಿನ ಇದ್ದರೆ ಜಾತಿ ಕಳಚುವ ಪಟ್ಟಣ ನಮ್ಮಲ್ಲಿ ಯಾವುದಿದೆ? ಊಳಿಗಮಾನ್ಯ ಅಂತ ಒಂದೇ ಪದದಲ್ಲಿ ಎರಡನ್ನೂ ಕಟ್ಟಿಹಾಕುವ ಪಂಡಿತರು ಇದಕ್ಕೆ ಉತ್ತರ ಹೇಳಬೇಕು.

ವ್ಹಾರಮ್ಮಿನಲ್ಲಿ ಕೊನೆಗೆ ಉಳಿದ ಕಟ್ಟಡ ಚರ್ಚು. ಅದರ ಗೋಡೆಯೇ ಒಂದು ಜನಗಣತಿ. ಊರು ಬೆಳೆದಾಗ ಅಕ್ಕಪಕ್ಕ ಸೇರಿಸಿ ಅಗಲ ಮಾಡಿದರು. ಜನ ಕಮ್ಮಿಯಾದಾಗ ಆ ಪಕ್ಕಗಳನ್ನು ಕೆಡವಿ ಕಮಾನುಗಳಿಗೆ ಕಲ್ಲು ತುಂಬಿದರು. ತುಂಬಿದ ಕಮಾನು ಇವತ್ತೂ ಕಾಣುತ್ತೆ. ಸುತ್ತಲ ಹಳ್ಳಿಯವರು ಬರುತ್ತಿದ್ದ ಕಾರಣ ಊರು ಸತ್ತ ಮೇಲೂ ಚರ್ಚು ನಡೆದು, 1949ರಲ್ಲಿ ಕೊನೆಯ ಪ್ರಾರ್ಥನೆ ಆಯ್ತು. 1959ರಲ್ಲಿ ಗೋಪುರದ ಒಂದು ಭಾಗ ಬಿತ್ತು. ಈಗ ಅದು ಸೂರಿಲ್ಲದೆ ನಿಂತಿದೆ. ಜಾಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಉಸ್ತುವಾರಿಯಲ್ಲಿದೆ, ನೋಡೋಕೆ ದುಡ್ಡಿಲ್ಲ.

ಆನಿಕ್ ಕೋಟೆಗೆ ಹೋಗುವವರ ಸಾಲು ಇಲ್ಲಿಗೆ ಬರೋದಿಲ್ಲ. ಬಂದವರಿಗೆ ಕಾಣೋದು ಹುಲ್ಲು, ಹುಲ್ಲಿನಲ್ಲಿ ಮನೆಗಳ ಚೌಕಾಕಾರ, ನಡುವೆ ತಗ್ಗಾದ ಬೀದಿ. ಧಣಿಗಳ ವಂಶವೃಕ್ಷ ಪುಸ್ತಕಗಳಲ್ಲಿದೆ, ಅದನ್ನು ಓದೋಕೆ ಇಲ್ಲಿಗೆ ಬರಬೇಕಾಗಿಲ್ಲ. ಇಲ್ಲಿ ಓದಬೇಕಾದ್ದು ಬೇರೆ ಇದೆ: ಅಡಗಿಸಿಟ್ಟ ಬೀಸುವ ಕಲ್ಲು, ಹತ್ತು ವರ್ಷದ ಎತ್ತರದಲ್ಲೇ ನಿಂತ ಹದಿನಾಲ್ಕರ ಮಗು, ಪೊರಕೆಗೆ ಸವೆದ ನೆಲ. ಈ ಓದು ಬಾರದೆ ಇಂಗ್ಲೆಂಡಿನ ವಿದ್ವಾಂಸರು ಶತಮಾನಗಟ್ಟಲೆ ಕುರಿ ಹುಲ್ಲುಗಾವಲನ್ನೇ ನೋಡಿ ಹೋದರು. ಬಂದಮೇಲೆ ಮೂರು ಸಾವಿರ ಊರುಗಳು ಕಂಡವು.